ನಮ್ಮ ನೋಟ್ಸು ಹೊಳೆ ದಾಟಿದ ಕತೆ

1/10 📷 ತೋಟದ ಮೇಲಿನ ಬಂಡೆ, ಸಿಗ್ನಲ್ ಸಿಗುವ ಜಾಗ

ಜನವರಿ ಬಂತು ಅಂದ್ರೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಮೆಸೇಜು. "ಅಕ್ಕಾ, ನಿಮ್ ಬ್ಯಾಚಿನ ಸೈನ್ಸ್ ಆಡಿಯೊ ಕಳಿಸ್ತೀರಾ?" "ಅಕ್ಕಾ, ಆ ಚಾಕು ವಿಡಿಯೊ ಲಿಂಕ್ ಇದ್ಯಾ?" ಕಳಿಸೋರು ಹೊರನಾಡು, ಕಳಸದವರು ಮಾತ್ರ ಅಲ್ಲ. ನಾನು ಕಂಡೇ ಇರದ ಊರಿನ ಮಕ್ಕಳೂ ಕೇಳ್ತಾರೆ.

ಹಾಗಾಗಿ ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಈ ಸರಣಿ. ಹತ್ತನೇ ಕ್ಲಾಸಿನ ನಾವು ಕೆಲವರು ಸೇರಿ ನಮ್ಮ ಪಾಠಗಳನ್ನ ನಾವೇ ಮಾಡಿ, ಆನ್‌ಲೈನಲ್ಲಿ ಎಲ್ಲರಿಗೂ ಇಟ್ಟ ಕತೆ. ಯಾಕೆ ಮಾಡಿದ್ವಿ, ಹೇಗೆ ಮಾಡಿದ್ವಿ, ಎಲ್ಲಿ ಜಗಳ ಆಯ್ತು, ಈಗ ಯಾರ ಕೈಲಿದೆ, ಎಲ್ಲಾ.

ಮೊದಲೇ ಒಂದು ಮಾತು. ನಾವ್ಯಾರೂ ಟಾಪರ್‌ಗಳಲ್ಲ. ಟಾಪರ್ ನೋಟ್ಸ್ ಅಂತ ಹುಡುಕಿಕೊಂಡು ಬಂದಿದ್ರೆ ಇಲ್ಲಿ ಅದು ಸಿಗಲ್ಲ. ಬೇರೆ ಏನೋ ಸಿಗುತ್ತೆ. ಹತ್ತೂ ಓದಿ ಆಮೇಲೆ ಹೇಳಿ.

2/10 📷 ಭದ್ರೆ, ಜುಲೈ ತಿಂಗಳಲ್ಲಿ

ನಮ್ಮದು 2021ರ ಎಸ್ಸೆಸ್ಸೆಲ್ಸಿ ಬ್ಯಾಚ್. ಅಂದ್ರೆ 2020ರ ಜೂನ್‌ನಲ್ಲಿ ಹತ್ತನೇ ಕ್ಲಾಸಿಗೆ ಬಂದವರು, ಆದ್ರೆ ಕ್ಲಾಸ್‌ರೂಮಿಗೆ ಬಂದವರಲ್ಲ. ನಮ್ಮ ಸೀನಿಯರ್‌ಗಳು ಮಾರ್ಚಿನಲ್ಲಿ ಬರೀಬೇಕಿದ್ದ ಪರೀಕ್ಷೆಯನ್ನ ಜೂನ್ 25ರಿಂದ ಮಾಸ್ಕ್ ಹಾಕ್ಕೊಂಡು ಬರೆದ್ರು. ಜುಲೈ 20ರಿಂದ ಚಂದನ ಟೀವಿಯಲ್ಲಿ ಸಂವೇದ ಪಾಠ ಶುರುವಾಯ್ತು. ಆಗಸ್ಟಿನಲ್ಲಿ ವಿದ್ಯಾಗಮ ಅಂತ ಟೀಚರ್‌ಗಳೇ ಊರೂರಿಗೆ ಬಂದ್ರು, ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಯೋಜನೆ ಚೆನ್ನಾಗೇ ಇತ್ತು. ಆದ್ರೆ ಮಲೆನಾಡಿನ ಮಳೆಗಾಲಕ್ಕೆ ಯಾವ ಟೈಮ್‌ಟೇಬಲ್ಲೂ ಲೆಕ್ಕಕ್ಕಿಲ್ಲ. ಒಂದು ಮರ ಲೈನ್ ಮೇಲೆ ಬಿದ್ರೆ ಮೂರು ದಿನ ಕರೆಂಟ್ ಇಲ್ಲ. ಕರೆಂಟ್ ಇಲ್ಲ ಅಂದ್ರೆ ಟೀವಿ ಇಲ್ಲ, ಟವರೂ ಇಲ್ಲ. ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹತ್ತಿದ್ರೆ ಹೊರನಾಡಿಂದ ಕಳಸಕ್ಕೆ ಹೋಗೋ ನೇರ ದಾರಿ ಬಂದ್. ಆಚೆ ದಡದ ಮಕ್ಕಳು ಆಚೆ, ಈಚೆಯವರು ಈಚೆ.

ಫೋನು? ಮನೆಗೊಂದು. ಅದು ಅಪ್ಪನ ಜೇಬಲ್ಲಿ ತೋಟಕ್ಕೆ ಹೋಗುತ್ತೆ, ಕತ್ತಲಾದ ಮೇಲೆ ಬರುತ್ತೆ. ಲೈವ್ ಕ್ಲಾಸ್ ಬೆಳಿಗ್ಗೆ ಹತ್ತಕ್ಕೆ, ಫೋನ್ ಸಿಗೋದು ರಾತ್ರಿ ಎಂಟಕ್ಕೆ. ಲೈವ್ ಅನ್ನೋ ಪದಕ್ಕೇ ಅರ್ಥ ಇರಲಿಲ್ಲ ಕಣ್ರೋ.

ನಮ್ಮ ಸಮಸ್ಯೆ ಪಾಠ ಕಷ್ಟ ಅನ್ನೋದಲ್ಲ. ಪಾಠ ನಡೆಯೋ ಹೊತ್ತಿಗೆ ನಾವು ಅಲ್ಲಿ ಇರೋಕೆ ಆಗ್ತಿರಲಿಲ್ಲ, ಅಷ್ಟೇ.

3/10 📷 ಕೈಬರಹದ ಹಾಳೆ, ಅಂಚಿನಲ್ಲಿ ಕಾಫಿ ಕಲೆ

ಶುರುವಾಗಿದ್ದು ಬಹಳ ಸಣ್ಣದಾಗಿ. ಯಾರ ಮನೇಲಿ ಕರೆಂಟ್ ಇತ್ತೋ ಅವರು ಆವತ್ತಿನ ಪಾಠ ನೋಡಿ, ನಾಲ್ಕು ನಿಮಿಷದಲ್ಲಿ ತಮ್ಮ ಮಾತಲ್ಲಿ ಹೇಳಿ, ವಾಟ್ಸಾಪ್ ಗ್ರೂಪಿಗೆ ಆಡಿಯೊ ಹಾಕೋದು. ವಿಡಿಯೊ ಬಂಡೆ ಹತ್ತಿದ್ರೂ ಲೋಡ್ ಆಗ್ತಿರಲಿಲ್ಲ. ಆಡಿಯೊ ಮಾತ್ರ ಒಂದು ಕಡ್ಡಿ ಸಿಗ್ನಲ್ ಇದ್ರೂ ಇಳಿಯುತ್ತೆ. ಒಮ್ಮೆ ಇಳಿದ್ರೆ ನೆಟ್ ಇಲ್ಲದೇ ಹತ್ತು ಸಲ ಕೇಳಬಹುದು. ರೊಟ್ಟಿ ತಟ್ತಾ ಕೇಳಬಹುದು, ದನ ಕಟ್ತಾ ಕೇಳಬಹುದು.

ನಿಧಾನಕ್ಕೆ ಕೆಲವು ರೂಲ್ಸ್ ತಾನಾಗೇ ಹುಟ್ಟಿದ್ವು.

▪️ ಒಂದು ಆಡಿಯೊಗೆ ಒಂದೇ ವಿಷಯ. "ಬೆಳಕು" ಅಂತ ಇಡೀ ಅಧ್ಯಾಯ ಬೇಡ. "ಪೀನ ಮಸೂರದಲ್ಲಿ ಬಿಂಬ ಎಲ್ಲಿ ಬೀಳುತ್ತೆ", ಅಷ್ಟು ಸಾಕು.
▪️ ಪುಸ್ತಕ ನೋಡಿ ಓದೋ ಹಾಗಿಲ್ಲ. ಪುಸ್ತಕ ಮುಚ್ಚಿ ಹೇಳಬೇಕು. ಮುಚ್ಚಿ ಹೇಳೋಕೆ ಬರಲಿಲ್ಲ ಅಂದ್ರೆ ಅರ್ಥ ಆಗಿಲ್ಲ ಅಂತ.
▪️ ಫೈಲ್ ಹೆಸರು ಸರಿಯಾಗಿರಬೇಕು: ವಿಷಯ, ಅಧ್ಯಾಯ, ಭಾಗ. ಇಲ್ಲದಿದ್ರೆ ನಾಳೆ ಹುಡುಕೋಕೆ ಆಗಲ್ಲ.
▪️ ಹಾಕೋ ಮೊದಲು ಸೈನ್ಸ್ ಸರ್‌ಗೋ ಮ್ಯಾಥ್ಸ್ ಮೇಡಮ್‌ಗೋ ಕೇಳಿಸಬೇಕು. ಅವರು ಹೂಂ ಅಂದ್ರೆ ಮಾತ್ರ ಗ್ರೂಪಿಗೆ.

ಕೊನೇ ರೂಲ್ ಸರ್‌ದೇ. "ನೀವು ಹೇಳೋ ರೀತಿ ನಿಮ್ಮದು, ತಪ್ಪಿದ್ರೆ ಮಾತ್ರ ನಾನು ಬರ್ತೀನಿ" ಅಂದಿದ್ರು. ಆ ಒಂದು ಮಾತಿನಿಂದ ನಮಗೆ ಬಂದ ಧೈರ್ಯ ಬೇರೆ ಯಾವುದರಿಂದಲೂ ಬರಲಿಲ್ಲ.

4/10 📷 ಚಾಕು, ಪ್ಲಾಸ್ಟಿಕ್ ಡ್ರಮ್, ನೀಲಿ ದ್ರಾವಣ. ಇದೇ ಆ ಫೇಮಸ್ ವಿಡಿಯೊ 🔪

ನಮ್ಮ ಕ್ಲಾಸಲ್ಲಿ ಒಬ್ಬಳಿದ್ಲು. ಹೆಸರು ಹಾಕ್ಬೇಡ ಅಂದಿದ್ದಾಳೆ. ಎಸ್ಟೇಟ್ ಲೈನ್ ಮನೆ ಹುಡುಗಿ. ಕ್ಲಾಸಲ್ಲಿ ಕೈ ಎತ್ತಿದ್ದು ನಾನು ನೋಡೇ ಇರಲಿಲ್ಲ. ಅವಳ ಅಪ್ಪ ಅಡಿಕೆ ಮರ ಹತ್ತಿ ಮದ್ದು ಹೊಡೆಯೋರು.

ರಾಸಾಯನಿಕ ಕ್ರಿಯೆಗಳ ಪಾಠ ಬಂತು. ಪುಸ್ತಕದಲ್ಲಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಇಳಿಬಿಡೋ ಪ್ರಯೋಗ ಇದೆ. ಲ್ಯಾಬಿಗೆ ಬೀಗ. ಎಲ್ರೂ ಬಾಯಿಪಾಠ ಹೊಡೀತಿದ್ವಿ. ಅವತ್ತು ರಾತ್ರಿ ಅವಳು ಗ್ರೂಪಿಗೆ ಎರಡು ನಿಮಿಷದ ವಿಡಿಯೊ ಹಾಕಿದ್ಲು. ಮೊದಲ ಸಲ.

ವಿಡಿಯೊದಲ್ಲಿ ಅವಳ ಮುಖ ಇಲ್ಲ. ಅಪ್ಪನ ಕೈ, ಒಂದು ಚಾಕು, ಬೋರ್ಡೋ ದ್ರಾವಣದ ಡ್ರಮ್ಮು. ಅವಳ ದನಿ: "ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಸೇರಿಸ್ತಾರೆ. ಸುಣ್ಣ ಸಾಕಾಯ್ತಾ ಅಂತ ನೋಡೋಕೆ ಅಪ್ಪ ಚಾಕು ಅದ್ದುತ್ತಾರೆ. ಈಗ ನೋಡಿ, ಚಾಕು ಕೆಂಪಾಯ್ತು. ಅಂದ್ರೆ ಇನ್ನೂ ತಾಮ್ರ ಬಿಡಿಯಾಗಿ ಉಳಿದಿದೆ. ಕಬ್ಬಿಣ ಹೋಗಿ ತಾಮ್ರದ ಜಾಗ ಹಿಡೀತು, ತಾಮ್ರ ಬಂದು ಚಾಕು ಮೇಲೆ ಕೂತ್ಕೊಂತು. ಇದೇ ಸ್ಥಾನಪಲ್ಲಟ ಕ್ರಿಯೆ. ಇನ್ನೂ ಸ್ವಲ್ಪ ಸುಣ್ಣ ಹಾಕಿದ್ರೆ ಕೆಂಪು ಬರಲ್ಲ."

ಆಮೇಲೆ ಕೊನೆಗೆ ಒಂದು ಸಾಲು: "ಅದಕ್ಕೇ ಇದನ್ನ ಕಬ್ಬಿಣದ ಡ್ರಮ್ಮಲ್ಲಿ ಮಾಡಬಾರದು. ಯಾಕೆ ಅಂತ ನೀವೇ ಹೇಳಿ."

ಆ ರಾತ್ರಿ ಗ್ರೂಪಲ್ಲಿ ಹನ್ನೆರಡರವರೆಗೂ ಉತ್ತರ ಬಂದ್ವು. ಸರ್ ಒಂದೇ ಪದ ಹಾಕಿದ್ರು: "ಭೇಷ್."

ಈ ಮದ್ದಿಗೂ ದೊಡ್ಡ ಚರಿತ್ರೆ ಇದೆ ಅಂತ ಆಮೇಲೆ ಹುಡುಕಿ ಸೇರಿಸಿದ್ವಿ. ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಇದನ್ನ ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದ. ನಮ್ಮ ಅಡಿಕೆಯ ಕೊಳೆರೋಗದ ಬಗ್ಗೆ ಅಧ್ಯಯನ ಮಾಡಿ 1910ರಲ್ಲಿ ಬರೆದವರು ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್. ನಮ್ಮದೇ ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಗಿದ್ದೂ ಅವರ ಕಾಲದಲ್ಲೇ. ಅವಳ ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ. ಆದ್ರೆ ಕೋಲ್ಮನ್ ಕಾಲದ ವಿಜ್ಞಾನ ಅವರ ಕೈಯಲ್ಲಿದೆ.

5/10 📷 ಹಳೇ ಮಳೆ ಪುಸ್ತಕ, ಶಾಯಿ ಹರಡಿದ ಪುಟ

ಚಾಕು ವಿಡಿಯೊ ಬಂದ ಮೇಲೆ ಎಲ್ಲರ ಕಣ್ಣೂ ತೆರೀತು. ಪಾಠಕ್ಕೆ ಉದಾಹರಣೆ ಹುಡುಕೋಕೆ ಯೂಟ್ಯೂಬಿಗೆ ಹೋಗಬೇಕಿಲ್ಲ, ಅಂಗಳಕ್ಕೆ ಹೋದ್ರೆ ಸಾಕು.

ಕಾಫಿ ಬೆಳೆಯೋರ ಮನೇಲಿ ಮಳೆ ಪುಸ್ತಕ ಇರುತ್ತೆ, ಗೊತ್ತಲ್ವಾ? ದಿನಾ ಬೆಳಿಗ್ಗೆ ಮಾಪಕ ನೋಡಿ ಬರೆದಿಡ್ತಾರೆ. ನಮ್ಮ ಕಡೆ ಲೆಕ್ಕ ಮಿಲಿಮೀಟರಲ್ಲಲ್ಲ. "ನಿನ್ನೆ ಮೂರು ಇಂಚು ನಲವತ್ತು ಸೆಂಟ್ಸ್" ಅಂತಾರೆ. ನೂರು ಸೆಂಟ್ಸ್ ಸೇರಿದ್ರೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರ್. ನನ್ನ ಗೆಳೆಯನೊಬ್ಬ ಅವನ ಅಜ್ಜನ ಪುಸ್ತಕ ಇಟ್ಕೊಂಡು ಸಂಖ್ಯಾಶಾಸ್ತ್ರದ ಪಾಠ ಮಾಡಿದ.

ಅವನು ಕೊಟ್ಟ ಲೆಕ್ಕ ಇದು. ಒಂದು ವಾರದ ಮಳೆ ಇಂಚಲ್ಲಿ: 2, 3, 1, 4, 2, 9, 0. ಒಟ್ಟು 21. ಏಳರಿಂದ ಭಾಗಿಸಿ, ಸರಾಸರಿ 3. ಈಗ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ: 0, 1, 2, 2, 3, 4, 9. ನಡುವಿನದು 2, ಅದು ಮಧ್ಯಾಂಕ. ಎರಡು ಸಲ ಬಂದಿದ್ದೂ 2, ಅದು ಬಹುಲಕ.

"ಸರಾಸರಿ ಯಾಕೆ ಜಾಸ್ತಿ ಬಂತು? ಆ ಒಂದು ದಿನ ಒಂಬತ್ತು ಇಂಚು ಹೊಡೀತಲ್ಲ, ಅದು ಎಳ್ಕೊಂಡು ಹೋಯ್ತು. ಸೇತುವೆ ಮುಳುಗಿಸೋದು ಆ ಒಂಬತ್ತು. ಸರಾಸರಿ ಮೂರು ನೋಡ್ಕೊಂಡು ಹೊಳೆಗೆ ಇಳಿದ್ರೆ ಕತೆ ಮುಗೀತು ಮಾರಾಯ."

ನಾನು ಓದಿದ ಯಾವ ಪುಸ್ತಕದಲ್ಲೂ ಸರಾಸರಿಗೂ ಮಧ್ಯಾಂಕಕ್ಕೂ ಇರೋ ವ್ಯತ್ಯಾಸ ಇಷ್ಟು ಸರಿಯಾಗಿ ಹೇಳಿಲ್ಲ.

ಹೀಗೇ ಸಿಲ್ವರ್ ಮರದ ಎತ್ತರ ಅಳೆಯೋಕೆ ತ್ರಿಕೋನಮಿತಿ ಬಂತು. ತೋಟಕ್ಕೆ ಸುಣ್ಣ ಚೆಲ್ಲೋದ್ರಿಂದ ಆಮ್ಲ, ಪ್ರತ್ಯಾಮ್ಲ ಬಂತು. ಕುದುರೆಮುಖದಲ್ಲಿ 2005ರ ಡಿಸೆಂಬರ್ ಕೊನೆಗೆ ಅದಿರು ಗಣಿಗಾರಿಕೆ ನಿಂತಿದ್ದರಿಂದ ಸಮಾಜ ವಿಜ್ಞಾನದ ಒಂದು ಇಡೀ ಚರ್ಚೆ ಬಂತು. ಅದು ಮಾತ್ರ ಮನೆಮನೆಯಲ್ಲೂ ನಡೀತು, ಯಾಕಂದ್ರೆ ಅಲ್ಲಿ ಕೆಲಸ ಮಾಡಿದವರು ನಮ್ಮ ಸುತ್ತಲೇ ಇದ್ದಾರೆ.

6/10 📷 ಕಣದಲ್ಲಿ ಒಣಗಿರುವ ಕಾಫಿ

ಈ ಭಾಗ ಬರೆಯೋದು ಸ್ವಲ್ಪ ಕಷ್ಟ.

2021 ಜನವರಿ 1ಕ್ಕೆ ಹತ್ತನೇ ಕ್ಲಾಸಿಗೆ ಶಾಲೆ ತೆರೀತು. ಆ ಹೊತ್ತಿಗೆ ಕಾಫಿ ಕೊಯ್ಲು ಜೋರಾಗಿರುತ್ತೆ. ನಮ್ಮ ಬೆಂಚಿನ ಒಬ್ಬ ಬರಲೇ ಇಲ್ಲ. ಅವನಪ್ಪನಿಗೆ ಹಿಂದಿನ ವರ್ಷ ಕೆಲಸ ಕಮ್ಮಿ ಆಗಿತ್ತು, ಸಾಲ ಇತ್ತು. ಅವನು ಅಮ್ಮನ ಜೊತೆ ಹಣ್ಣು ಕುಯ್ಯೋಕೆ ಹೋಗ್ತಿದ್ದ. ಕೊಯ್ದಷ್ಟು ಕೇಜಿಗೆ ಕೂಲಿ. ಸಾಯಂಕಾಲ ಚೀಲ ತೂಕ ಹಾಕಿಸಿ, ಮನೆಗೆ ಬಂದು, ಊಟ ಮಾಡಿ ಮಲಗಬೇಕು.

ನಾವು ಅವನನ್ನ ಗ್ರೂಪಿಂದ ತೆಗೀಲಿಲ್ಲ. ಅವನು ಏನೂ ಟೈಪ್ ಮಾಡ್ತಿರಲಿಲ್ಲ. ಆದ್ರೆ ಪ್ರತಿ ಆಡಿಯೊ ಮುಂದೆ ರಾತ್ರಿ ಹತ್ತೂವರೆಗೆ ನೀಲಿ ಟಿಕ್ ಬೀಳ್ತಿತ್ತು. ಅವನು ಕೇಳ್ತಿದ್ದಾನೆ ಅನ್ನೋಕೆ ಅದೊಂದೇ ಸಾಕ್ಷಿ.

ಏಪ್ರಿಲ್‌ನಲ್ಲಿ ಮತ್ತೆ ಎಲ್ಲಾ ಬಂದ್ ಆಯ್ತು. ಪರೀಕ್ಷೆ ಜುಲೈ 19 ಮತ್ತು 22ಕ್ಕೆ, ಎರಡೇ ದಿನ, ಎಲ್ಲಾ ಬಹು ಆಯ್ಕೆ ಪ್ರಶ್ನೆ. 19ರ ಬೆಳಿಗ್ಗೆ ಮಳೇಲಿ ಛತ್ರಿ ಹಿಡ್ಕೊಂಡು ಅವನು ಬಂದ. ಹಾಲ್ ಟಿಕೆಟ್ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತಂದಿದ್ದ.

ಆ ವರ್ಷ ರಾಜ್ಯದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಪಾಸು. ಹಾಗಾಗಿ "ನಮ್ಮ ಆಡಿಯೊದಿಂದ ಅವನು ಪಾಸಾದ" ಅಂತ ನಾನು ಹೇಳಲ್ಲ, ಅದು ಸುಳ್ಳು. ನಿಜ ಏನಂದ್ರೆ ಅವನು ಬಂದ. ಆರು ತಿಂಗಳು ಶಾಲೆಯ ಬಾಗಿಲು ದಾಟದ ಹುಡುಗ "ನಾನಿನ್ನೂ ಈ ಕ್ಲಾಸಿನವನೇ" ಅಂತ ಅಂದ್ಕೊಂಡು ಬಂದ. ನಾನು ಕೇಳಿದಾಗ ಹೇಳಿದ್ದು ಇಷ್ಟೇ: "ದಿನಾ ನಿಮ್ ದನಿ ಕೇಳ್ತಿದ್ನಲ್ಲ, ಬಿಟ್ಟಿದೀನಿ ಅಂತ ಅನ್ನಿಸ್ಲೇ ಇಲ್ಲ."

7/10 📷 ಜೆರಾಕ್ಸ್ ಕಟ್ಟು, ನಮ್ಮ ಹೆಸರಿಲ್ಲದ್ದು

ಈಗ ಜಗಳದ ಕತೆ 😅

ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಒಂದು ಡ್ರೈವ್ ಫೋಲ್ಡರಲ್ಲಿ ಹಾಕಿ ಲಿಂಕ್ ಓಪನ್ ಮಾಡೋಣ ಅಂತ ಕೆಲವರು ಅಂದ್ರು. ಇನ್ನು ಕೆಲವರು ಬೇಡ ಅಂದ್ರು. "ನಾವು ಕಷ್ಟಪಟ್ಟಿದ್ದು, ಬೇರೆಯವರು ಪುಗಸಟ್ಟೆ ಓದಿ ನಮಗಿಂತ ಜಾಸ್ತಿ ಮಾರ್ಕ್ಸ್ ತಗೊಳ್ಳೋದಾ?" ಸಣ್ಣ ಬುದ್ಧಿ ಅಂತ ನಗಬೇಡಿ. ಹಳ್ಳಿ ಶಾಲೆಯ ಮಕ್ಕಳಿಗೆ ಮಾರ್ಕ್ಸ್ ಬಿಟ್ರೆ ಬೇರೆ ಏಣಿ ಇಲ್ಲ. ಭಯ ನಿಜವಾದದ್ದೇ.

ಕೊನೆಗೆ ಚಾಕು ವಿಡಿಯೊದವಳೇ ಹೇಳಿದ್ಲು: "ನಮ್ಮಪ್ಪ ಆ ಚಾಕು ಪರೀಕ್ಷೆ ಯಾರಿಗಾದ್ರೂ ದುಡ್ಡು ಕೊಟ್ಟು ಕಲಿತ್ರಾ?" ಫೋಲ್ಡರ್ ಓಪನ್ ಆಯ್ತು.

ಒಂದು ವರ್ಷ ಆದ ಮೇಲೆ ಒಂದು ಕಡೆ ನಮ್ಮ ನೋಟ್ಸನ್ನೇ ಪ್ರಿಂಟ್ ಹಾಕಿ, ನಮ್ಮ ಹೆಸರು ತೆಗೆದು, ಮಾರ್ತಿದ್ದಾರೆ ಅಂತ ಗೊತ್ತಾಯ್ತು. ಹುಡುಗರಿಗೆ ಬಿಸಿ ಏರಿತು. ಕೂತು ಮಾತಾಡಿದ್ವಿ. ಮಕ್ಕಳಿಗೆ ತಲುಪ್ತಿದೆ, ಅದು ಒಳ್ಳೇದೇ. ಜೆರಾಕ್ಸಿನ ಖರ್ಚು ತಗೊಳ್ಳಲಿ, ಅದೂ ಸರಿ. ಆದ್ರೆ ಹೆಸರು ಅಳಿಸಿದ್ದು ಸರಿಯಲ್ಲ. ಲೈನ್ ಮನೆಯ ಹುಡುಗಿ ಮಾಡಿದ ಪಾಠ ಅಂತ ಗೊತ್ತಾದ್ರೆ ಇನ್ನೊಂದು ಲೈನ್ ಮನೆಯ ಹುಡುಗಿ "ನಾನೂ ಮಾಡಬಹುದು" ಅಂದ್ಕೊಳ್ತಾಳೆ. ಹೆಸರು ಹೋದ್ರೆ ಅದೇ ಹೋಗುತ್ತೆ.

ಆಗ ಸರ್ ಕ್ರಿಯೇಟಿವ್ ಕಾಮನ್ಸ್ ಬಗ್ಗೆ ಹೇಳಿದ್ರು. 2002ರಿಂದ ಇರೋ ಪರವಾನಗಿಗಳು. ಒಂದೊಂದಕ್ಕೆ ಒಂದೊಂದು ಷರತ್ತು. ನಾವು ಆರಿಸಿದ್ದು: ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಆದ್ರೆ ಮಾಡಿದವರನ್ನ ಹೆಸರಿಸಬೇಕು ಮತ್ತು ತಾವು ತಿದ್ದಿದ್ದನ್ನೂ ಇದೇ ಷರತ್ತಲ್ಲಿ ಹಂಚಬೇಕು. ಈಗ ಪ್ರತಿ ಹಾಳೆಯ ಕೆಳಗೂ ಆ ಸಾಲಿದೆ. ಸ್ವಂತ ಹೆಸರು ಬೇಡ ಅಂದವರಿಗೆ "ಹೊರನಾಡು ಕಡೆಯ ಹತ್ತನೇ ಕ್ಲಾಸಿನ ಒಬ್ಬಳು" ಅಂತ ಹಾಕಿದ್ದೀವಿ.

8/10 📷 ಬರೀ ಕೈಗಳು

ನೀವೂ ಮಾಡೋದಾದ್ರೆ ಈ ಭಾಗ ಸೇವ್ ಮಾಡ್ಕೊಳ್ಳಿ.

▪️ ಮುಖ ಬೇಡ, ಕೈ ಮತ್ತು ದನಿ ಸಾಕು. ಯೂನಿಫಾರ್ಮ್, ಶಾಲೆ ಬೋರ್ಡು, ಫೋನ್ ನಂಬರ್ ಕಾಣಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಕಾನೂನು ಹಾಗಿರಲಿ, ಮನೇಲಿ ಹೇಳಿ ಮಾಡಿದ್ರೆ ನಿಮಗೇ ನೆಮ್ಮದಿ.

▪️ ಪಠ್ಯಪುಸ್ತಕದ ಅಥವಾ ಗೈಡಿನ ಪುಟ ಫೋಟೊ ಹೊಡೆದು ಹಾಕೋದು "ನಮ್ಮ ನೋಟ್ಸ್" ಅಲ್ಲ. ಚಿತ್ರ ನೀವೇ ಬರೀರಿ, ವಕ್ರ ಆದ್ರೂ ಪರವಾಗಿಲ್ಲ. ನಮ್ಮ ದೇಶದಲ್ಲಿ ಒಬ್ಬ ಲೇಖಕರ ಹಕ್ಕು ಅವರ ಕಾಲದ ನಂತರವೂ 60 ವರ್ಷ ಇರುತ್ತೆ. ಹಾಗಾಗಿ ಕನ್ನಡ ಪದ್ಯ ಪೂರ್ತಿ ಹಾಕೋ ಬದಲು ನಿಮಗೆ ಅರ್ಥ ಆಗಿದ್ದನ್ನ ಹೇಳಿ.

▪️ ಕಮ್ಮಿ ಸೈಜ್. ಪಿಡಿಎಫ್ ಒಂದೆರಡು ಎಂಬಿ ದಾಟಬಾರದು. ಬಂಡೆ ಮೇಲೆ ಕೂತವರನ್ನ ನೆನಪಿಟ್ಕೊಳ್ಳಿ.

▪️ ಎಲ್ಲದಕ್ಕೂ ಒಂದು ಪ್ರಿಂಟ್ ಕಾಪಿ ಇರಲಿ. ನಮ್ಮದು ಶಾಲೆ ಲೈಬ್ರರಿಯಲ್ಲಿ ಒಂದು ಫೈಲಲ್ಲಿದೆ. ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದವರ ಮಕ್ಕಳು ಈಗ ನಮ್ಮ ಶಾಲೆಗಳಲ್ಲಿ ಓದ್ತಾರೆ. ಅವರಿಗೆ ಫೋನಿಗಿಂತ ಆ ಫೈಲೇ ಹತ್ತಿರ. ಚಿತ್ರ ಜಾಸ್ತಿ, ಅಕ್ಷರ ದಪ್ಪ.

9/10 📷 ಮರಳ ಮೇಲೆ ಬೆರಳಲ್ಲಿ ಬರೆದ "ಅ"

ನಾವೇ ಮೊದಲು ಅಂತ ಬೀಗಬೇಡಿ, ಅಲ್ಲವೇ ಅಲ್ಲ.

ಕೂಲಿ ಮಠ ಅಂತ ಕೇಳಿರ್ತೀರಿ. ಮರಳ ಮೇಲೆ ಬೆರಳಲ್ಲಿ ಬರೆಸೋ ಹಳೇ ಶಾಲೆಗಳು. ಐಗಳು ಒಬ್ಬರೇ, ಹಾಗಾಗಿ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡ್ತಿದ್ರು. ಮದ್ರಾಸಿನಲ್ಲಿ ಅನಾಥಾಲಯದ ಶಾಲೆ ನಡೆಸ್ತಿದ್ದ ಆಂಡ್ರ್ಯೂ ಬೆಲ್ ಇಂಥದ್ದೇ ಒಂದು ಶಾಲೆ ನೋಡಿ, ಈ ಪದ್ಧತಿ ಬಳಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಹಾಕಿದ. ಇಂಗ್ಲೆಂಡಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಅಂತಲೇ ಹೆಸರಾಯ್ತು. 1980ರ ದಶಕದಲ್ಲಿ ಜರ್ಮನಿಯ ಮೇಷ್ಟ್ರು ಜಾನ್ ಪೋಲ್ ಮಾರ್ಟಿನ್ ಫ್ರೆಂಚ್ ಕ್ಲಾಸನ್ನ ಮಕ್ಕಳ ಕೈಗೇ ಕೊಟ್ಟು "ಕಲಿಸುತ್ತಾ ಕಲಿಯೋದು" ಅಂದ್ರು.

ನಮ್ಮ ರಾಜ್ಯದಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರೇ ಪಾಠ ಸಾಮಗ್ರಿ ಬರೆದು ಹಂಚೋಕೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ 2013ರಲ್ಲಿ "ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು" ಶುರು ಮಾಡಿದ್ರು. ವಿಕಿಪೀಡಿಯ ಥರ ಕನ್ನಡದಲ್ಲೂ ಇದೆ, ಹೋಗಿ ನೋಡಿ. ಪಕ್ಕದ ಕೇರಳದಲ್ಲಿ ಶಾಲಾವಿಕಿ ಇದೆ, 2018ರಿಂದ ಹೈಸ್ಕೂಲ್ ಮಕ್ಕಳದ್ದೇ ಲಿಟಲ್ ಕೈಟ್ಸ್ ಅನ್ನೋ ಕ್ಲಬ್ಬುಗಳಿವೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಈಗ ಮೂವತ್ತು ಸಾವಿರಕ್ಕೂ ಜಾಸ್ತಿ ಲೇಖನ. ಮಂಗಳೂರು, ಮೂಡುಬಿದಿರೆ, ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳು ಅದಕ್ಕೆ ಬರೆದಿದ್ದಾರೆ.

ಇಷ್ಟೆಲ್ಲಾ ಇದ್ರೂ ಹತ್ತನೇ ಕ್ಲಾಸಿನ ಕನ್ನಡ ಮಾಧ್ಯಮದ ಹುಡುಗಿ "ಮಧ್ಯಾಂಕ" ಅಂತ ಹುಡುಕಿದ್ರೆ ಸಿಗೋದು ಕಮ್ಮಿ, ಇಂಗ್ಲಿಷಲ್ಲಿ ಹುಡುಕಿದ್ರೆ ಮುಗಿಯದಷ್ಟು. ಆ ಖಾಲಿ ಜಾಗ ತುಂಬೋಕೆ ದೊಡ್ಡವರೇ ಬರಬೇಕು ಅಂತೇನಿಲ್ಲ. ನಿನ್ನೆ ತಾನೇ ಅರ್ಥ ಮಾಡ್ಕೊಂಡವರಿಗೆ, ಅರ್ಥ ಆಗದೇ ಇದ್ದದ್ದು ಎಲ್ಲಿ ಅಂತ ಇನ್ನೂ ನೆನಪಿರುತ್ತೆ.

10/10 📷 ಪದಪಟ್ಟಿಯ ಮೊದಲ ಪುಟ

ಕೊನೇದು, ಈಗ ಏನಾಗಿದೆ.

ಪಿಯುಸಿ ಸೈನ್ಸ್ ತಗೊಂಡಾಗ ನಮಗೆ ಸಿಕ್ಕ ಏಟು ನಿಮಗೂ ಗೊತ್ತು. ಎಲ್ಲಾ ಇಂಗ್ಲಿಷ್. ವಿಷಯ ಗೊತ್ತಿದೆ, ಪದ ಗೊತ್ತಿಲ್ಲ. ಲೆಕ್ಚರರ್ "ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್" ಅಂದಾಗ ಅದು ನಮ್ಮ ಚಾಕು ಅಂತ ತಿಳಿಯೋಕೆ ಒಂದು ವಾರ ಬೇಕಾಯ್ತು. ಹಾಗಾಗಿ ನಾವು ಪಿಯುನಲ್ಲಿದ್ದಾಗ ಫೋಲ್ಡರಿಗೆ ಒಂದು ಪದಪಟ್ಟಿ ಸೇರಿಸಿದ್ವಿ. ದ್ಯುತಿಸಂಶ್ಲೇಷಣೆ ಅಂದ್ರೆ ಫೋಟೋಸಿಂಥೆಸಿಸ್, ಮಧ್ಯಾಂಕ ಅಂದ್ರೆ ಮೀಡಿಯನ್, ಪೀನ ಮಸೂರ ಅಂದ್ರೆ ಕಾನ್ವೆಕ್ಸ್ ಲೆನ್ಸ್. ಪ್ರತಿ ಪದದ ಮುಂದೆ ನಮ್ಮ ಕಡೆಯ ಒಂದು ಉದಾಹರಣೆ. ಜೂನಿಯರ್‌ಗಳು ಅತಿ ಹೆಚ್ಚು ಕೇಳೋದು ಇದನ್ನೇ.

ಫೋಲ್ಡರ್ ನನ್ನ ಕೈಲಿಲ್ಲ. ಎರಡು ವರ್ಷ ಯಾರೂ ಮುಟ್ಟದ ಅಕೌಂಟುಗಳನ್ನ ಗೂಗಲ್ 2023ರ ಡಿಸೆಂಬರಿಂದ ಅಳಿಸ್ತಿದೆ. ಹಾಗಾಗಿ ಪ್ರತಿ ವರ್ಷ ಜೂನ್‌ನಲ್ಲಿ ಹೊಸ ಹತ್ತನೇ ಕ್ಲಾಸಿನ ಇಬ್ಬರಿಗೆ, ಒಬ್ಬ ಟೀಚರ್ ಎದುರಿಗೇ, ಜವಾಬ್ದಾರಿ ಕೊಡ್ತೀವಿ. ಅವರು ಹಳೇದನ್ನ ಕೇಳಿ, ಸಿಲೆಬಸ್ ಬದಲಾಗಿದ್ರೆ ತಿದ್ದಿ, ತಮ್ಮದು ಕನಿಷ್ಠ ಐದು ಸೇರಿಸಬೇಕು. ಈ ವರ್ಷ ಒಬ್ಬ ಹುಡುಗ ಹೂಮಳೆ ಬಿದ್ದ ಮೇಲೆ ರೋಬಸ್ಟಾ ಗಿಡಕ್ಕೆ ಜೇನ್ನೊಣ ಯಾಕೆ ಬೇಕು ಅಂತ ಪರಾಗಸ್ಪರ್ಶದ ಪಾಠ ಮಾಡಿದ್ದಾನೆ. ಹಿನ್ನೆಲೆಯಲ್ಲಿ ಜೇನಿನ ಸದ್ದೇ ಇದೆ. ನಾವು ಮಾಡಿದ್ದಕ್ಕಿಂತ ಚೆನ್ನಾಗಿದೆ.

ಚಾಕು ವಿಡಿಯೊದವಳು ಈಗ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡ್ತಿದ್ದಾಳೆ. ಕಾಫಿ ಕುಯ್ತಿದ್ದವನು ಗಾಡಿ ಓಡಿಸ್ತಾನೆ, ತಂಗಿಯನ್ನ ಓದಿಸ್ತಿದ್ದಾನೆ. ಅವಳ ಫೋನಲ್ಲಿ ನಮ್ಮ ಆಡಿಯೊಗಳಿವೆ.

ನೀವು ಎಲ್ಲೇ ಇರಿ, ನಿಮ್ಮ ಮನೆ ಸುತ್ತ ಒಂದು ಪಾಠ ಇದ್ದೇ ಇದೆ. ಬತ್ತದ ಗದ್ದೆ, ಬೀಡಿ ಕಟ್ಟೋ ಮೊರ, ಮೀನಿನ ಬಲೆ, ಗ್ಯಾರೇಜು, ಯಾವುದಾದ್ರೂ ಸರಿ. ಪುಸ್ತಕ ಮುಚ್ಚಿ, ನಾಲ್ಕು ನಿಮಿಷ ಹೇಳಿ, ಟೀಚರ್‌ಗೆ ಕೇಳಿಸಿ, ಹಂಚಿ. ನಿಮ್ಮ ಊರಲ್ಲಿ ಯಾವ ಪಾಠಕ್ಕೆ ಏನು ಉದಾಹರಣೆ ಸಿಗುತ್ತೆ? ಕೆಳಗೆ ಬರೀರಿ, ಜೂನಿಯರ್‌ಗಳಿಗೆ ತೋರಿಸ್ತೀನಿ 🌧️☕

#ಹೊರನಾಡು #ಕಳಸ #ಮಲೆನಾಡು #ಎಸ್ಸೆಸ್ಸೆಲ್ಸಿ #ಕನ್ನಡಮಾಧ್ಯಮ #ನಮ್ಮಪಾಠನಾವೇ